ಧಾರವಾಡ, ಬಳ್ಳಾರಿ, ನೈರೋಬಿ: ನಾವು ಯಾರಂತೆ ಆಗಬೇಕು?

ಇವತ್ತಿನ ಮಾತು ಮುಖ್ಯವಾಗಿ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ಬೇರೆ ಭಾಷೆ ಎಂದು ಬೆಳೆದ ಹುಡುಗ ಹುಡುಗಿಯರಿಗೆ. ದೊಡ್ಡವರು ಪಕ್ಕದಲ್ಲಿ ಕೂತು ಕೇಳಿಸಿಕೊಂಡರೂ ಸಂತೋಷವೇ.

ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಒಂದು ಕನ್ನಡದ ಮನೆ ಇದೆ ಎಂದುಕೊಳ್ಳಿ. ಅಲ್ಲೊಬ್ಬಳು ಹದಿನಾರು ವರ್ಷದ ಹುಡುಗಿ. ಅಮ್ಮನ ಹತ್ತಿರ ಕನ್ನಡ ಮಾತಾಡುತ್ತಾಳೆ. ಶಾಲೆಯಲ್ಲಿ ಬ್ರಿಟಿಷ್ ಪಠ್ಯಕ್ರಮದ ಇಂಗ್ಲಿಷ್. ಗುಜರಾತಿ ಗೆಳತಿಯರ ಜೊತೆ ಹಿಂದಿ. ಗೇಟಿನ ಕಾವಲುಗಾರರ ಹತ್ತಿರ ಎರಡು ಮಾತು ಸ್ವಾಹಿಲಿ. ಫೋನಿನ ಕ್ಯಾಮೆರಾ ಆನ್ ಆದ ಕೂಡಲೇ ಐದನೆಯ ದನಿಯೊಂದು ಹೊರಡುತ್ತದೆ, ಅದು ಅಚ್ಚ ಅಮೆರಿಕನ್ ಇಂಗ್ಲಿಷ್. ಅವಳು ಅಮೆರಿಕ ನೋಡಿಲ್ಲ. ಅವಳ ಅಪ್ಪ ಅಮ್ಮನೂ ನೋಡಿಲ್ಲ. ಆದರೂ "ಚೆನ್ನಾಗಿ ಕಾಣುವುದು", "ಧೈರ್ಯವಾಗಿ ಮಾತಾಡುವುದು", "ತನ್ನ ಇಷ್ಟದಂತೆ ಬದುಕುವುದು" ಎಂದರೆ ಹೇಗಿರಬೇಕು ಎನ್ನುವ ಚಿತ್ರ ಅವಳಿಗೆ ಅಲ್ಲಿಂದಲೇ ಬಂದಿದೆ.

ಇದರಲ್ಲಿ ಅವಳ ತಪ್ಪೇನೂ ಇಲ್ಲ. ನೈರೋಬಿಯಲ್ಲಿ, ಲಂಡನ್ನಿನಲ್ಲಿ, ದುಬೈಯಲ್ಲಿ, ಬೆಂಗಳೂರಿನಲ್ಲೂ ಇದೇ ನಡೆಯುತ್ತಿದೆ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ನಾಲ್ಕು ಜನರಲ್ಲಿ ಒಬ್ಬರಾಗುವುದಕ್ಕೆ ನಾವು ಯಾರನ್ನೋ ಹೋಲಲೇಬೇಕೆ? ಬೇರೆ ದಾರಿ ಇದೆಯೇ? ಇದಕ್ಕೆ ಅಮೆರಿಕ ಒಂದು ಉತ್ತರ ಕೊಟ್ಟಿತು. ಕೆನ್ಯಾ ಇನ್ನೊಂದು ಉತ್ತರ ಕೊಟ್ಟಿತು. ನಮ್ಮ ಧಾರವಾಡ, ಬಳ್ಳಾರಿಗಳಲ್ಲಿ ಓದಿದ ಇಬ್ಬರು ಮೂರನೆಯ ಉತ್ತರ ಕೊಟ್ಟರು. ಒಂದೊಂದಾಗಿ ನೋಡೋಣ.

ಮೊದಲು ಅಮೆರಿಕ. ಮೆಲ್ಟಿಂಗ್ ಪಾಟ್ ಎಂಬ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಅಕ್ಕಸಾಲಿಗರು ಚಿನ್ನ ಕರಗಿಸುವ ಮೂಸೆ ಇದೆಯಲ್ಲ, ಅದೇ. ಬೇರೆ ಬೇರೆ ಒಡವೆಗಳನ್ನು ಹಾಕಿದರೆ ಹೊರಗೆ ಬರುವುದು ಒಂದೇ ಗಟ್ಟಿ. ಈ ಹೋಲಿಕೆಯನ್ನು ಮನೆಮಾತಾಗಿಸಿದ್ದು 1908ರಲ್ಲಿ ವಾಷಿಂಗ್ಟನ್ನಿನಲ್ಲಿ ಪ್ರದರ್ಶನ ಕಂಡ, ಅದೇ ಹೆಸರಿನ ಒಂದು ನಾಟಕ. ಬರೆದವರು ಇಸ್ರೇಲ್ ಜಾಂಗ್ವಿಲ್. ಅವರು ಅಮೆರಿಕದವರಲ್ಲ, ಲಂಡನ್ನಿನ ಯಹೂದಿ ಲೇಖಕರು.

ನಾಟಕದ ಮಾತು ಕೆಲವೇ ವರ್ಷಗಳಲ್ಲಿ ನಿಜವಾಗಿಯೂ ರಂಗದ ಮೇಲೆ ನಡೆಯಿತು. ಡೆಟ್ರಾಯಿಟ್ ಬಳಿ ಹೆನ್ರಿ ಫೋರ್ಡ್ ತನ್ನ ಕಾರು ಕಾರ್ಖಾನೆಯ ವಲಸೆ ಕಾರ್ಮಿಕರಿಗೆಂದು ಇಂಗ್ಲಿಷ್ ಶಾಲೆ ನಡೆಸುತ್ತಿದ್ದ. 1916ರ ಸುಮಾರಿಗೆ ಆ ಶಾಲೆಯ ಪದವಿ ಸಮಾರಂಭ ಹೇಗಿರುತ್ತಿತ್ತು ಗೊತ್ತೇ? ವೇದಿಕೆಯ ಮೇಲೆ ಒಂದು ದೊಡ್ಡ ಕೊಪ್ಪರಿಗೆ. ಕಾರ್ಮಿಕರು ತಮ್ಮ ತಮ್ಮ ದೇಶದ ಉಡುಪು ತೊಟ್ಟು ಅದರೊಳಗೆ ಇಳಿಯುತ್ತಿದ್ದರು. ಅವರ ಮೇಷ್ಟರುಗಳು ಉದ್ದನೆಯ ಸೌಟು ಹಿಡಿದು ಕಲಕುತ್ತಿದ್ದರು. ಆಮೇಲೆ ಅದೇ ಜನ ಸೂಟು ಹಾಕಿಕೊಂಡು, ಕೈಯಲ್ಲಿ ಅಮೆರಿಕದ ಬಾವುಟ ಹಿಡಿದು ಹೊರಗೆ ಬರುತ್ತಿದ್ದರು. 1914ರಲ್ಲಿ ಫೋರ್ಡ್ ದಿನಕ್ಕೆ 5 ಡಾಲರ್ ಕೂಲಿ ಘೋಷಿಸಿದಾಗ ಜಗತ್ತೇ ಹೊಗಳಿತು. ಆದರೆ ಆ ಪೂರ್ತಿ ಕೂಲಿ ಸಿಗಬೇಕಾದರೆ ಕಂಪನಿಯವರು ಕಾರ್ಮಿಕರ ಮನೆಗೇ ಬಂದು ಮನೆ ಚೊಕ್ಕಟವಾಗಿದೆಯೇ, ಬದುಕುವ ರೀತಿ ಸರಿಯಿದೆಯೇ ಎಂದು ನೋಡಿ ಒಪ್ಪಬೇಕಿತ್ತು.

ಆಗಲೇ ಇದನ್ನು ಒಪ್ಪದವರೂ ಅಲ್ಲಿ ಇದ್ದರು. ಹೊರೇಸ್ ಕ್ಯಾಲನ್ ಎಂಬ ತತ್ವಶಾಸ್ತ್ರಜ್ಞ 1915ರಲ್ಲಿ ಒಂದು ಲೇಖನ ಬರೆದು, ದೇಶ ಮೂಸೆಯಂತಿರಬಾರದು, ವಾದ್ಯವೃಂದದಂತಿರಬೇಕು ಎಂದು ವಾದಿಸಿದರು. ಪ್ರತಿ ವಾದ್ಯಕ್ಕೂ ಅದರದೇ ನಾದ, ಎಲ್ಲವೂ ಸೇರಿದರೆ ಸಂಗೀತ. ಅದೇ ವರ್ಷ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಒಂದು ಭಾಷಣದಲ್ಲಿ ಜರ್ಮನ್-ಅಮೆರಿಕನ್, ಐರಿಷ್-ಅಮೆರಿಕನ್ ಎಂದು ನಡುವೆ ಅಡ್ಡಗೆರೆ ಇಟ್ಟುಕೊಂಡವರನ್ನು ಕಟುವಾಗಿ ಟೀಕಿಸಿದರು. ನೀವು ಇವತ್ತು ನಿಮ್ಮ ಪ್ರೊಫೈಲಿನಲ್ಲಿ ಬರೆದುಕೊಳ್ಳುವ ಆ ಪುಟ್ಟ ಅಡ್ಡಗೆರೆಗೆ ಹೀಗೆ ನೂರು ವರ್ಷದ ಜಗಳದ ಇತಿಹಾಸವಿದೆ.

ಆದರೆ ಈ ಮೂಸೆಯ ಬಗ್ಗೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಬೇರೆಯೇ ಇದೆ. ಅದರೊಳಗೆ ಎಲ್ಲರಿಗೂ ಪ್ರವೇಶವಿರಲಿಲ್ಲ. 1790ರ ಕಾನೂನಿನ ಪ್ರಕಾರ ಹೊರಗಿನಿಂದ ಬಂದವರಲ್ಲಿ ಬಿಳಿಯರಿಗೆ ಮಾತ್ರ ಅಮೆರಿಕದ ಪೌರತ್ವ. 1870ರಲ್ಲಿ ಆಫ್ರಿಕಾ ಮೂಲದವರನ್ನು ಸೇರಿಸಿದರು. ಭಾರತೀಯರು ಎರಡಕ್ಕೂ ಸೇರಲಿಲ್ಲ. ಆಗ ಪಂಜಾಬಿನ ಭಗತ್ ಸಿಂಗ್ ಥಿಂಡ್ ಎಂಬುವರು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಕೆಲಸ ಮಾಡಿದ್ದವರು, ಸುಪ್ರೀಂ ಕೋರ್ಟಿನವರೆಗೆ ಹೋದರು. ಅವರ ವಾದ ಏನಿತ್ತು ಎನ್ನುವುದನ್ನು ಗಮನಿಸಿ. "ಈ ಕಾನೂನೇ ಅನ್ಯಾಯ" ಎಂದಲ್ಲ. ತಾನು ಉತ್ತರ ಭಾರತದ ಮೇಲ್ಜಾತಿಯವನು, ಆರ್ಯ ಕುಲದವನು, ಆದ್ದರಿಂದ ತಾನೂ ಬಿಳಿಯರ ಲೆಕ್ಕಕ್ಕೇ ಸೇರಬೇಕು ಎಂಬುದು ಅವರ ವಾದ. ಅಂದರೆ ಗೋಡೆ ಇರಲಿ, ನನ್ನನ್ನು ಮಾತ್ರ ಒಳಗೆ ಬಿಡಿ ಎಂಬ ಬೇಡಿಕೆ. 1923ರ ಫೆಬ್ರವರಿಯಲ್ಲಿ ಕೋರ್ಟು ಅವರ ವಿರುದ್ಧ ತೀರ್ಪು ಕೊಟ್ಟಿತು. ಆಗಲೇ ಪೌರರಾಗಿದ್ದ ಹಲವು ಭಾರತೀಯರ ಪೌರತ್ವವನ್ನೂ ಸರ್ಕಾರ ಕಿತ್ತುಕೊಂಡಿತು.

ಹಾಗೆ ಕಳೆದುಕೊಂಡವರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿ ವೈಷ್ಣೋ ದಾಸ್ ಬಗಾಯ್ ಒಬ್ಬರು. ಉಡುಪು, ಭಾಷೆ, ನಡವಳಿಕೆ ಎಲ್ಲದರಲ್ಲೂ ಅವರು ಅಮೆರಿಕದವರಾಗಲು ಶ್ರಮಪಟ್ಟಿದ್ದರು. ಕೊನೆಗೆ ಯಾವ ದೇಶಕ್ಕೂ ಸೇರದವರಾಗಿ, ಮನನೊಂದು, 1928ರಲ್ಲಿ ಪ್ರಾಣ ಕಳೆದುಕೊಂಡರು. ಭಾರತೀಯರಿಗೆ ಅಲ್ಲಿ ಪೌರತ್ವದ ಬಾಗಿಲು ತೆರೆದಿದ್ದು 1946ರಲ್ಲಿ. ಯಾರನ್ನಾದರೂ ನೂರಕ್ಕೆ ನೂರು ಹೋಲಿದರೂ, ಬಾಗಿಲ ಕೀಲಿ ಅವರ ಕೈಯಲ್ಲೇ ಉಳಿದಿರುತ್ತದೆ. ಹೋಲುವ ದಾರಿಯ ತೊಂದರೆ ಇದು.

ಈಗ ಕೆನ್ಯಾಕ್ಕೆ ಬರೋಣ. ಅದೇ 1923. ಜುಲೈಯಲ್ಲಿ ಲಂಡನ್ನಿನಿಂದ ಡೆವನ್‌ಶೈರ್ ಶ್ವೇತಪತ್ರ ಹೊರಬಂತು. ಕೆನ್ಯಾದಲ್ಲಿ ಆಫ್ರಿಕನ್ನರ ಹಿತವೇ ಮೊದಲು ಎಂದು ಅದು ಕಾಗದದ ಮೇಲೆ ಹೇಳಿತು. ಜೊತೆಗೇ, ಫಲವತ್ತಾದ ಎತ್ತರದ ನಾಡನ್ನು ಬಿಳಿಯರಿಗೇ ಮೀಸಲಿಟ್ಟು, ಭಾರತೀಯರಿಗೆ ಬೇರೆಯೇ ಮತಪಟ್ಟಿ ಇಟ್ಟಿತು. ಐದೇ ತಿಂಗಳ ಅಂತರದಲ್ಲಿ, ಎರಡು ಖಂಡಗಳಲ್ಲಿ, ಭಾರತೀಯರಿಗೆ "ನೀವು ನಮ್ಮವರಲ್ಲ" ಎಂಬ ಎರಡು ಉತ್ತರಗಳು ಸಿಕ್ಕವು.

ಭಾರತೀಯರು ಇಲ್ಲಿಗೆ ದೊಡ್ಡ ಸಂಖ್ಯೆಯಲ್ಲಿ ಬಂದದ್ದು ರೈಲಿನ ಕೆಲಸಕ್ಕೆ. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ತನಕ ಹಳಿ ಹಾಕಲು ಸುಮಾರು 32,000 ಕೂಲಿಗಳನ್ನು ಕರೆತಂದರು. ಬಹುಪಾಲು ಪಂಜಾಬಿನವರು. ಸುಮಾರು 2,500 ಜನ ಸತ್ತರು. ಹೆಚ್ಚಿನವರು ವಾಪಸು ಹೋದರು, 6,700ರಷ್ಟು ಜನ ಉಳಿದರು. ನೈರೋಬಿ ಎಂಬ ಈ ಊರೇ 1899ರಲ್ಲಿ ರೈಲ್ವೆಯ ತಂಗುದಾಣವಾಗಿ ಹುಟ್ಟಿದ್ದು. ಗುಜರಾತು, ಕಚ್ಛಿನ ವ್ಯಾಪಾರಿಗಳು ಹಳಿಯ ಉದ್ದಕ್ಕೂ ಅಂಗಡಿ ತೆರೆದರು. ಗೋವೆಯವರು ಕಚೇರಿಗಳಲ್ಲಿ ಗುಮಾಸ್ತರಾದರು.

ವಸಾಹತು ಸರ್ಕಾರ ಇವರನ್ನೆಲ್ಲ ಕರಗಿಸಲಿಲ್ಲ. ಅದರ ಬದಲು ಡಬ್ಬಿಗಳಲ್ಲಿ ತುಂಬಿಟ್ಟಿತು. ಬಿಳಿಯರಿಗೊಂದು ಶಾಲೆ, ಏಷ್ಯನ್ನರಿಗೊಂದು, ಆಫ್ರಿಕನ್ನರಿಗೊಂದು. ವಾಸದ ಬಡಾವಣೆಯೂ ಹಾಗೆಯೇ, ಸಂಬಳವೂ ಹಾಗೆಯೇ. ಮೇಲೆ ಬಿಳಿಯರು, ಕೆಳಗೆ ಆಫ್ರಿಕನ್ನರು, ನಡುವೆ ನಾವು. ನಡುವೆ ಇರುವವರಿಗೆ ಯಾವಾಗಲೂ ಒಂದು ಆಸೆ, ಮೇಲಿನವರಂತೆ ಆಗಬೇಕು. ಒಂದು ಭಯ, ಕೆಳಗಿನವರ ಜೊತೆ ಸೇರಿಸಿಬಿಟ್ಟರೆ? ಇವತ್ತಿಗೂ ನಮ್ಮ ಕೆಲವು ಮನೆಗಳ ಊಟದ ಮೇಜಿನ ಮಾತಿನಲ್ಲಿ ಆ ಭಯ ಇಣುಕುತ್ತದೆ. ನೀವು ಕೇಳಿಸಿಕೊಂಡು ಮುಜುಗರಪಟ್ಟಿರಲೂಬಹುದು.

1963ರ ಡಿಸೆಂಬರ್ 12ರಂದು ಕೆನ್ಯಾ ಸ್ವತಂತ್ರವಾಯಿತು. ಇಲ್ಲೇ ಹುಟ್ಟಿ, ಅಪ್ಪ ಅಥವಾ ಅಮ್ಮನೂ ಇಲ್ಲೇ ಹುಟ್ಟಿದ್ದರೆ ಪೌರತ್ವ ತಾನಾಗಿಯೇ ಬಂತು. ಉಳಿದವರಿಗೆ ಅರ್ಜಿ ಹಾಕಲು ಎರಡು ವರ್ಷದ ಗಡುವು. ಬಹಳಷ್ಟು ಏಷ್ಯನ್ನರು ಹಾಕಲಿಲ್ಲ. ಕೈಯಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಇತ್ತು, ಅದೇ ಭದ್ರ ಎಂದುಕೊಂಡರು. 1967ರಲ್ಲಿ ಕೆನ್ಯಾ ಸರ್ಕಾರ ಪೌರರಲ್ಲದವರ ಕೆಲಸಕ್ಕೆ, ವ್ಯಾಪಾರಕ್ಕೆ ಪರವಾನಗಿ ಕಡ್ಡಾಯ ಮಾಡಿತು. ಸಾವಿರಾರು ಜನ ಲಂಡನ್ ವಿಮಾನ ಹಿಡಿದರು. ಆಗ ಬ್ರಿಟನ್ ಅವಸರದಲ್ಲಿ ಹೊಸ ಕಾನೂನು ಮಾಡಿ 1968ರ ಮಾರ್ಚ್ 1ರಿಂದ ತನ್ನದೇ ಪಾಸ್‌ಪೋರ್ಟ್ ಹಿಡಿದ ಈ ಜನರಿಗೆ ಬಾಗಿಲು ಹಾಕಿತು. ಹಿಂದೆ ಬಿಟ್ಟುಬಂದ ದೇಶವೂ ಬೇಡ ಅಂದಿತು, ಮುಂದೆ ಕಂಡ ದೇಶವೂ ಬೇಡ ಅಂದಿತು.

ಅರ್ಧ ಶತಮಾನ ಕಳೆದ ಮೇಲೆ, 2017ರ ಜುಲೈಯಲ್ಲಿ, ಕೆನ್ಯಾ ಸರ್ಕಾರ ಏಷ್ಯಾ ಮೂಲದ ಕೆನ್ಯನ್ನರನ್ನು ದೇಶದ 44ನೇ ಬುಡಕಟ್ಟು ಎಂದು ಅಧಿಕೃತವಾಗಿ ಘೋಷಿಸಿತು. ಹೊರಗಿನವರಿಗೆ ಬುಡಕಟ್ಟು ಎಂಬ ಮಾತು ವಿಚಿತ್ರವಾಗಿ ಕೇಳಿಸಬಹುದು. ಇಲ್ಲಿ ಅದು ದಿನನಿತ್ಯದ ಮಾತು. ಕಿಕುಯು, ಲುವೊ, ಲುಹ್ಯಾ, ಕಾಂಬಾ, ಮಾಸಾಯಿ, ಹೀಗೆ ಪ್ರತಿ ಕೆನ್ಯನ್ನನಿಗೂ ಒಂದು ಬುಡಕಟ್ಟು. ಅದಕ್ಕಿಂತ ಸ್ವಲ್ಪ ಮೊದಲು 43ನೆಯದಾಗಿ ಸೇರಿದ್ದು ಮಕೊಂಡೆ ಜನ. ಮೊಜಾಂಬಿಕ್‌ನಿಂದ ತೋಟದ ಕೆಲಸಕ್ಕೆ ಬಂದು, ತಲೆಮಾರುಗಳ ಕಾಲ ಗುರುತಿನ ಚೀಟಿಯೇ ಇಲ್ಲದೆ ಬದುಕಿದ್ದ ಅವರು 2016ರಲ್ಲಿ ಕರಾವಳಿಯಿಂದ ನೈರೋಬಿಗೆ ನಡೆದುಬಂದು ಕೇಳಿ ಪಡೆದುಕೊಂಡರು.

ಇಲ್ಲಿ ಅಮೆರಿಕಕ್ಕೂ ಕೆನ್ಯಾಕ್ಕೂ ಇರುವ ವ್ಯತ್ಯಾಸ ನೋಡಿ. ಅಮೆರಿಕದ ಹಳೆಯ ಆದರ್ಶ, "ನಿನ್ನ ಬುಡಕಟ್ಟನ್ನು ಬಿಡು, ಆಗ ನಮ್ಮವನಾಗುತ್ತೀಯ." ಕೆನ್ಯಾದ ಮಾತು, "ನಿನಗೂ ಒಂದು ಬುಡಕಟ್ಟು ಇರಲಿ, ಆಗ ನಮ್ಮವನಾಗುತ್ತೀಯ." ಎರಡನೆಯದು ಹೆಚ್ಚು ಉದಾರ ಅನ್ನಿಸುತ್ತದೆ. ಆದರೆ ಅದರಲ್ಲೂ ಪ್ರಶ್ನೆಗಳಿವೆ. ಘೋಷಣೆ ಬಂದದ್ದು ಚುನಾವಣೆಗೆ ಕೆಲವೇ ವಾರ ಮೊದಲು. ಗುಜರಾತಿ, ಪಂಜಾಬಿ, ಗೋವನ್, ತಮಿಳ, ಕನ್ನಡಿಗ, ಹಿಂದೂ, ಮುಸ್ಲಿಂ, ಸಿಖ್, ಜೈನ, ಕ್ರೈಸ್ತ, ಇಷ್ಟೂ ಜನ ಸೇರಿ ಒಂದೇ ಬುಡಕಟ್ಟು ಹೇಗಾಗುತ್ತದೆ? ಬೀದಿಯಲ್ಲಿ ನಮ್ಮೆಲ್ಲರಿಗೂ "ಮ್ಹಿಂದಿ" ಎಂಬ ಒಂದೇ ಹೆಸರು. ಈ ಮ್ಹಿಂದಿಯೊಳಗೆ ಕನ್ನಡದ ಮಗು ಮತ್ತೊಮ್ಮೆ ಹೊಂದಿಕೊಳ್ಳಬೇಕು. ನವರಾತ್ರಿ ಎಂದರೆ ಗರ್ಬಾ, ಊಟ ಎಂದರೆ ರೋಟಿ, ಭಾರತದ ಭಾಷೆ ಎಂದರೆ ಹಿಂದಿ ಎಂದು ಒಪ್ಪಿಕೊಂಡು ನಡೆಯಬೇಕು. ಅವಳು ಗೊಂಬೆ ಕೂರಿಸುವ ಹಬ್ಬದ ಬಗ್ಗೆ ಹೇಳಿದರೆ ಭಾರತೀಯ ಗೆಳತಿಯರೇ "ಅದೇನದು?" ಅನ್ನುತ್ತಾರೆ. ಮೂಸೆ ಅಮೆರಿಕದಲ್ಲಿ ಮಾತ್ರ ಇಲ್ಲ. ನಮ್ಮ ಸಮುದಾಯದ ಒಳಗೇ ಚಿಕ್ಕ ಚಿಕ್ಕ ಮೂಸೆಗಳಿವೆ.

ಹಾಗಾದರೆ ಮೂರನೆಯ ದಾರಿ ಯಾವುದು? ಅದಕ್ಕೆ ನಿಮ್ಮನ್ನು ಪಾರ್ಕ್‌ಲ್ಯಾಂಡ್ಸ್ ಪಕ್ಕದ ಸಿಟಿ ಪಾರ್ಕಿಗೆ ಕರೆದುಕೊಂಡು ಹೋಗುತ್ತೇನೆ. ಭಾನುವಾರ ಮನೆಮಂದಿಯೆಲ್ಲ ಹೋಗಿ ಕೋತಿಗಳನ್ನು ನೋಡಿ ಬರುವ ಉದ್ಯಾನ. ಅಲ್ಲಿ ಎರಡು ಸಮಾಧಿಗಳಿವೆ. ಒಂದು ಪಿಯೊ ಗಾಮಾ ಪಿಂಟೊ ಅವರದು, ಇನ್ನೊಂದು ಜೋಸೆಫ್ ಮುರುಂಬಿ ಅವರದು.

ಪಿಂಟೊ ಹುಟ್ಟಿದ್ದು 1927ರಲ್ಲಿ ನೈರೋಬಿಯಲ್ಲಿ, ಗೋವೆ ಮೂಲದ ಮನೆಯಲ್ಲಿ. ಓದಲು ಭಾರತಕ್ಕೆ ಕಳಿಸಿದರು. ಗೋವೆಯಲ್ಲಿ ಶಾಲೆ ಮುಗಿಸಿ ಅವರು ವಿಜ್ಞಾನ ಓದಿದ್ದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ. ಆಮೇಲೆ ಪೋರ್ಚುಗೀಸರ ಆಳ್ವಿಕೆಯ ವಿರುದ್ಧ ಗೋವೆಯ ಚಳವಳಿಗೆ ಇಳಿದು, ಬಂಧನ ತಪ್ಪಿಸಿಕೊಳ್ಳಲು 1949ರಲ್ಲಿ ಕೆನ್ಯಾಕ್ಕೆ ಮರಳಿದರು. ಆಗ ಅವರ ಮುಂದೆ ಸುಲಭದ ದಾರಿ ಇತ್ತು, ಗುಮಾಸ್ತಗಿರಿ ಮಾಡಿಕೊಂಡು ನಡುವಿನ ಡಬ್ಬಿಯಲ್ಲಿ ಸುಖವಾಗಿರುವುದು. ಅವರು ಹಾಗೆ ಮಾಡಲಿಲ್ಲ. ಸ್ವಾಹಿಲಿ ಕಲಿತರು. ಪತ್ರಿಕೆಯಲ್ಲಿ ಬರೆದರು. ಜೈಲು ಸೇರಿದ ಆಫ್ರಿಕನ್ ಹೋರಾಟಗಾರರಿಗೆ ವಕೀಲರನ್ನು ಹುಡುಕಿದರು, ಅವರ ಮನೆಯವರಿಗೆ ನೆರವು ತಲುಪಿಸಿದರು. 1954ರಲ್ಲಿ ಬ್ರಿಟಿಷರು ಅವರನ್ನೇ ಹಿಡಿದು ಮಾಂಡಾ ದ್ವೀಪದಲ್ಲಿ ಇಟ್ಟರು. ಪೂರ್ತಿ ಬಿಡುಗಡೆ ಸಿಕ್ಕಿದ್ದು 1959ರಲ್ಲಿ. ಸ್ವತಂತ್ರ ಕೆನ್ಯಾದಲ್ಲಿ ಅವರು ಸಂಸತ್ ಸದಸ್ಯರಾದರು. ಭೂಮಿ ಬಡವರಿಗೆ ಸಿಗಬೇಕೆಂದು ತಮ್ಮದೇ ಪಕ್ಷದವರ ಮುಂದೆ ನಿಂತು ಮಾತಾಡಿದರು. 1965ರ ಫೆಬ್ರವರಿ 24ರಂದು ನೈರೋಬಿಯ ವೆಸ್ಟ್‌ಲ್ಯಾಂಡ್ಸ್‌ನಲ್ಲಿ, ತಮ್ಮ ಮನೆಯ ಗೇಟಿನ ಹತ್ತಿರವೇ, ಗುಂಡಿಗೆ ಬಲಿಯಾದರು. ಆಗ ಅವರಿಗೆ 37 ವರ್ಷ. 2008ರಲ್ಲಿ ಕೆನ್ಯಾ ತನ್ನ ವೀರರ ನೆನಪಿಗೆ ಅಂಚೆಚೀಟಿ ತಂದಾಗ ಅವುಗಳಲ್ಲೊಂದರ ಮೇಲೆ ಅವರ ಚಿತ್ರವಿತ್ತು.

ಮುರುಂಬಿ ಅವರ ಕತೆ ಇನ್ನೂ ಕುತೂಹಲದ್ದು. ಅಪ್ಪ ಗೋವೆಯ ವ್ಯಾಪಾರಿ, ಅಮ್ಮ ಮಾಸಾಯಿ ಹೆಣ್ಣುಮಗಳು. ಹುಟ್ಟಿದಾಗಿನ ಹೆಸರು ಜೋಸೆಫ್ ಝುಝಾರ್ತೆ. ಚಿಕ್ಕವರಿದ್ದಾಗಲೇ ಓದಲು ಭಾರತಕ್ಕೆ ಕಳಿಸಿದರು, ಓದಿದ್ದು ಬೆಂಗಳೂರು ಮತ್ತು ಬಳ್ಳಾರಿಯ ಶಾಲೆಗಳಲ್ಲಿ. ತರುಣನಾಗಿ ಕೆನ್ಯಾಕ್ಕೆ ಮರಳಿದಾಗ ಅವರ ಮುಂದೆ ಎರಡು ಡಬ್ಬಿಗಳು. ಅಪ್ಪನ ಕಡೆಯದು ಸ್ವಲ್ಪ ಮೇಲಿನದು, ಅಮ್ಮನ ಕಡೆಯದು ಎಲ್ಲಕ್ಕಿಂತ ಕೆಳಗಿನದು. ಅವರು ಅಮ್ಮನ ಮನೆತನದ ಮುರುಂಬಿ ಎಂಬ ಹೆಸರನ್ನು ಆರಿಸಿಕೊಂಡರು. ಸ್ವಾತಂತ್ರ್ಯದ ನಂತರ ವಿದೇಶಾಂಗ ಮಂತ್ರಿಯಾದರು. 1966ರಲ್ಲಿ ದೇಶದ ಎರಡನೇ ಉಪಾಧ್ಯಕ್ಷರಾದರು, ಅದೇ ವರ್ಷ ಆ ಹುದ್ದೆ ಬಿಟ್ಟರು. ಪಿಂಟೊ ಅವರ ಆಪ್ತ ಗೆಳೆಯ ಇವರು. 1990ರಲ್ಲಿ ತೀರಿಕೊಂಡಾಗ ಆ ಗೆಳೆಯನ ಹತ್ತಿರದಲ್ಲೇ ಮಣ್ಣಾದರು. ಅವರು ಕೂಡಿಟ್ಟ ಆಫ್ರಿಕದ ಕಲೆ, ಪುಸ್ತಕಗಳನ್ನು ಇಂದಿಗೂ ನೈರೋಬಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ನೋಡಬಹುದು.

ಧಾರವಾಡದ ಕಾಲೇಜು, ಬಳ್ಳಾರಿಯ ಶಾಲೆ ಇವರಿಗೆ ಕನ್ನಡ ಕಲಿಸಿತೋ ಇಲ್ಲವೋ, ಅದು ಮುಖ್ಯವಲ್ಲ. ಇವರಿಬ್ಬರೂ ಥಿಂಡ್ ಅವರ ವಾದವನ್ನು ಮಾಡಲಿಲ್ಲ ಎನ್ನುವುದು ಮುಖ್ಯ. "ನಾನು ಮೇಲಿನವರಂತಿದ್ದೇನೆ, ಒಳಗೆ ಬಿಡಿ" ಅನ್ನಲಿಲ್ಲ. "ಈ ಊರಿನ ಕಷ್ಟದಲ್ಲಿ ನನ್ನದೂ ಒಂದು ಪಾಲಿದೆ" ಅಂದರು. ಅದೂ ತಮ್ಮ ಮೂಲವನ್ನು ಬಿಟ್ಟುಕೊಟ್ಟಲ್ಲ. ಪಿಂಟೊ ಕೆನ್ಯಾದಲ್ಲಿ ಇದ್ದುಕೊಂಡೇ ಗೋವೆಯ ಬಿಡುಗಡೆಗೂ ದುಡಿದರು. ನಮ್ಮವರಾಗುವುದಕ್ಕೆ ಎರಡು ದಾರಿ. ಒಂದು ಹೋಲುವುದು. ಇನ್ನೊಂದು ಪಾಲು ತೆಗೆದುಕೊಳ್ಳುವುದು. ಮೊದಲನೆಯದರಲ್ಲಿ ನಿಮ್ಮದನ್ನು ಕೊಡಬೇಕಾಗುತ್ತದೆ, ಒಪ್ಪುವುದು ಬಿಡುವುದು ಅವರಿಷ್ಟ. ಎರಡನೆಯದು ಹೆಚ್ಚು ಕಷ್ಟ, ಆದರೆ ಅದರಲ್ಲಿ ಸಿಕ್ಕಿದ್ದನ್ನು ಯಾರೂ ಸುಲಭವಾಗಿ ಕಿತ್ತುಕೊಳ್ಳಲಾರರು.

ಇಷ್ಟು ದೊಡ್ಡ ಮಾತು ಹದಿನಾರು ವರ್ಷದ ಹುಡುಗಿಗೆ ಏನು ಪ್ರಯೋಜನ? ಮೂರು ಸಣ್ಣ ವಿಷಯಗಳಲ್ಲಿ ಪ್ರಯೋಜನವಿದೆ ಅನ್ನಿಸುತ್ತದೆ. ಹೆಸರು, ದನಿ, ಭಾಷೆ.

ಮೊದಲು ಹೆಸರು. ಕನ್ನಡದ ಹೆಸರುಗಳಿಗೆ ವಿದೇಶದ ಫಾರಂಗಳಲ್ಲಿ ಜಾಗವೇ ಇರುವುದಿಲ್ಲ. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರಿಲ್ಲ, ಊರಿನದೋ ಅಪ್ಪನದೋ ಒಂದಕ್ಷರ ಮುಂದೆ. ಹೇಳಲು ಕಷ್ಟ ಎಂದು ಶಾಲೆಯಲ್ಲಿ ಹೆಸರನ್ನು ಮೊಟಕು ಮಾಡುತ್ತಾರೆ, ನಾವೇ ಮಾಡಿಕೊಳ್ಳುವುದೂ ಉಂಟು. ಕೆನ್ಯಾದ ವಂಗಾರಿ ಮಾಥಾಯಿ ಅವರನ್ನು ನೆನಪಿಸಿಕೊಳ್ಳಿ. 1960ರಲ್ಲಿ ಅಮೆರಿಕಕ್ಕೆ ಓದಲು ಹೋದಾಗ ಅವರು ಮೇರಿ ಜೋಸೆಫೀನ್. ಮರಳಿದ ಮೇಲೆ ಆ ಹೆಸರು ಬಿಟ್ಟು ಹುಟ್ಟಿದಾಗಿನ ವಂಗಾರಿ ಮುತಾ ಎಂಬ ಹೆಸರಿಗೇ ಬಂದರು. ಆ ಹೆಸರಿನಲ್ಲೇ ಗಿಡ ನೆಡುವ ಹಸಿರು ಪಟ್ಟಿ ಚಳವಳಿ ಕಟ್ಟಿದರು, 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದರು. ಇನ್ನೊಬ್ಬರು, ಕೆನ್ಯಾದ ಲುವೊ ತಂದೆಯ ಮಗ, ಹುಡುಗನಾಗಿದ್ದಾಗ ಎಲ್ಲರಿಗೂ ಬ್ಯಾರಿ. ಕಾಲೇಜಿಗೆ ಹೋದ ಮೇಲೆ ಪೂರ್ತಿ ಹೆಸರಿನಿಂದಲೇ ಕರೆಸಿಕೊಂಡರು. ಬರಾಕ್ ಒಬಾಮಾ ಎಂಬ ಆ ಹೆಸರನ್ನು ಅಮೆರಿಕವೇ ಕಲಿತುಕೊಳ್ಳಬೇಕಾಯಿತು. ಗೆಳೆಯರು ಪ್ರೀತಿಯಿಂದ ಕರೆಯುವ ಅಡ್ಡಹೆಸರು ಬೇರೆ. ನಾಚಿಕೆಯಿಂದ ಮೊಟಕಾದ ಹೆಸರು ಬೇರೆ. ನಿಮ್ಮದು ಯಾವುದು ಎನ್ನುವುದು ನಿಮಗೇ ಗೊತ್ತಿರುತ್ತದೆ.

ಎರಡನೆಯದು ದನಿ. ನೈರೋಬಿಯಲ್ಲಿ ಬೆಳೆದ ನಟಿ ಲುಪಿಟಾ ನ್ಯೋಂಗೊ ಅಮೆರಿಕದ ಯೇಲ್ ನಾಟಕ ಶಾಲೆಯಲ್ಲಿ ಓದುವಾಗ, ಕೆಲಸ ಸಿಗಬೇಕೆಂದು ಹಟ ಹಿಡಿದು ಅಮೆರಿಕನ್ ಉಚ್ಚಾರಣೆ ರೂಢಿಸಿಕೊಂಡದ್ದನ್ನೂ, ತನ್ನ ದನಿ ಕಳೆದುಹೋದಂತೆ ನೊಂದದ್ದನ್ನೂ, ಆಮೇಲೆ ಅದಕ್ಕೆ ಮರಳಿದ್ದನ್ನೂ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಇದರ ಅರ್ಥ ಅಮೆರಿಕನ್ ಉಚ್ಚಾರಣೆ ಕೆಟ್ಟದ್ದು ಎಂದಲ್ಲ. ಅಮೆರಿಕದಲ್ಲೇ ಹುಟ್ಟಿ ಬೆಳೆದ ಕನ್ನಡದ ಮಗುವಿಗೆ ಅದೇ ಸಹಜ ದನಿ. ಅದನ್ನು ಹಂಗಿಸಿ ನಗುವ ಬಂಧುಗಳು ಊರಲ್ಲಿ ಇರುತ್ತಾರೆ, ಅವರದೂ ತಪ್ಪೇ. ಪ್ರಶ್ನೆ ಇಷ್ಟೇ. ಸುಸ್ತಾದಾಗ, ಅಳು ಬಂದಾಗ, ಜೋರಾಗಿ ನಕ್ಕಾಗ ನಿಮ್ಮ ಬಾಯಿಂದ ಯಾವ ದನಿ ಬರುತ್ತದೆ? ಅದಕ್ಕೆ ನಿಮ್ಮ ಗೆಳೆಯರ ಗುಂಪಿನಲ್ಲಿ ಜಾಗ ಇದೆಯೇ? ಇಲ್ಲದಿದ್ದರೆ ಆ ಗುಂಪು ನಿಮಗೆ ಚಿಕ್ಕದಾಯಿತು ಎಂದು ಲೆಕ್ಕ.

ಮೂರನೆಯದು ಭಾಷೆ. ಇಲ್ಲಿ ನಮ್ಮದೇ ಒಂದು ಕೊರತೆಯನ್ನು ಹೇಳಲೇಬೇಕು. ನಮ್ಮಲ್ಲಿ ಬಹಳ ಜನರಿಗೆ ಬರುವ ಸ್ವಾಹಿಲಿ ಅಂದರೆ "ಲೆಟಾ" ಅಂದರೆ ತಾ, "ಫುಂಗಾ" ಅಂದರೆ ಮುಚ್ಚು, "ಫಾಗಿಯಾ" ಅಂದರೆ ಗುಡಿಸು. ಎಲ್ಲವೂ ಅಪ್ಪಣೆಯ ಮಾತುಗಳೇ. ಮನೆಗೆಲಸದವರ ಹತ್ತಿರ, ಚಾಲಕರ ಹತ್ತಿರ ಮಾತ್ರ ಕಲಿತ ಭಾಷೆ. ಕನ್ನಡದ ಮಕ್ಕಳಿಗೆ "ತಾ" ಮತ್ತು "ತರ್ತೀರಾ" ನಡುವಿನ ದೂರ ಯಾರೂ ಕಲಿಸಬೇಕಿಲ್ಲ. ಅಜ್ಜನಿಗೆ "ಬಾ" ಅಂದರೆ ಏನಾಗುತ್ತದೆ ಎಂದು ನಿಮಗೆ ಗೊತ್ತು! ಸ್ವಾಹಿಲಿಯಲ್ಲೂ "ನಾವೋಂಬಾ" ಇದೆ, ಕೇಳಿಕೊಳ್ಳುತ್ತೇನೆ ಎಂದು ಅರ್ಥ. "ತಫಧಾಲಿ" ಇದೆ, ದಯವಿಟ್ಟು ಎಂದು ಅರ್ಥ. ಒಂದು ದೇಶದಲ್ಲಿ ಹುಟ್ಟಿ ಬೆಳೆದು ಅಲ್ಲಿನ ಭಾಷೆಯಲ್ಲಿ ಅಪ್ಪಣೆ ಮಾಡಲು ಮಾತ್ರ ಬಂದರೆ, ನಲವತ್ತನಾಲ್ಕನೆಯದೋ ನೂರನೆಯದೋ, ಯಾವ ಬುಡಕಟ್ಟಿನ ಪಟ್ಟವೂ ನಮ್ಮನ್ನು ಆ ದೇಶದವರನ್ನಾಗಿ ಮಾಡುವುದಿಲ್ಲ.

ಕಲಿಯುವುದು ಅಷ್ಟು ಕಷ್ಟವೂ ಅಲ್ಲ. ಉತ್ತರ ಕರ್ನಾಟಕದ ಅಜ್ಜಿಯೊಬ್ಬರನ್ನು ನೈರೋಬಿಯ ಮಾರುಕಟ್ಟೆಗೆ ಕರೆತಂದು ನೋಡಿ. ಅವರ ದುಕಾನ ಇಲ್ಲಿ ದುಕಾ. ಅವರ ಖಬರ ಇಲ್ಲಿ ಹಬಾರಿ. ಅವರ ದವಾಖಾನೆಯ ದವಾ ಇಲ್ಲಿ ಔಷಧಕ್ಕೆ ದಾವಾ. ಕಿತಾಬು ಕಿಟಾಬು. ಅವರ ಗಾಡಿ ಇಲ್ಲಿ ಗಾರಿ, ಕಾರಿಗೇ ಆ ಹೆಸರು. ಅರಬ್ಬಿ ಕಡಲಿನ ಆಚೆ ಈಚೆ ವ್ಯಾಪಾರದ ಹಡಗುಗಳು ಶತಮಾನಗಳ ಕಾಲ ಓಡಾಡಿ ಎರಡೂ ದಡಗಳಲ್ಲಿ ಒಂದೇ ಮಾತುಗಳನ್ನು ಇಳಿಸಿ ಹೋಗಿವೆ. ನಮಗೆ ಕನ್ನಡ ಚೆನ್ನಾಗಿ ಬಂದಷ್ಟೂ ಸ್ವಾಹಿಲಿ ಹತ್ತಿರವಾಗುತ್ತದೆ. ಒಂದನ್ನು ಬಿಟ್ಟರೆ ಇನ್ನೊಂದು ಸಿಗುತ್ತದೆ ಎಂಬುದು ಸುಳ್ಳು ಲೆಕ್ಕ.

ಕೊನೆಯಲ್ಲಿ ಒಂದು ವ್ಯವಹಾರದ ಮಾತು. ನಿಮ್ಮ ಪೌರತ್ವದ ಕಾನೂನನ್ನು ನೀವೇ ಓದಿ ತಿಳಿದುಕೊಳ್ಳಿ, ಅಪ್ಪ ಅಮ್ಮನಿಗೇ ಬಿಡಬೇಡಿ. ಅಮೆರಿಕದಲ್ಲಿ 1868ರ ತಿದ್ದುಪಡಿ ಅಲ್ಲಿ ಹುಟ್ಟಿದವರನ್ನು ಪೌರರೆಂದಿತು. ಕೆನ್ಯಾದಲ್ಲಿ ಹಾಗಲ್ಲ, ಇಲ್ಲಿ ಹುಟ್ಟಿದರೆ ಸಾಲದು, ಅಪ್ಪ ಅಥವಾ ಅಮ್ಮ ಕೆನ್ಯಾದ ಪೌರರಾಗಿರಬೇಕು. ಇಲ್ಲವಾದರೆ ಕಾನೂನುಬದ್ಧವಾಗಿ ಏಳು ವರ್ಷ ಸತತ ವಾಸವಿದ್ದು ಅರ್ಜಿ ಹಾಕಬೇಕು. 2010ರ ಸಂವಿಧಾನ ಬಂದ ಮೇಲೆ ಕೆನ್ಯಾ ಎರಡು ದೇಶಗಳ ಪೌರತ್ವವನ್ನು ಒಪ್ಪುತ್ತದೆ. ಭಾರತ ಒಪ್ಪುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದರೆ ಭಾರತದ್ದು ಹೋಗುತ್ತದೆ. ಸಾಗರೋತ್ತರ ಕಾರ್ಡು ಸಿಗಬಹುದು, ಅದರಲ್ಲಿ ಮತದಾನದ ಹಕ್ಕಿಲ್ಲ. 1963ರಲ್ಲಿ ಎರಡು ವರ್ಷದ ಗಡುವನ್ನು ಸುಮ್ಮನೆ ಕಳೆದವರ ಪಾಡು ಏನಾಯಿತು ಎಂದು ಆಗಲೇ ಹೇಳಿದೆ. ಯಾವುದನ್ನು ಆರಿಸಬೇಕು ಎಂದು ನಾನು ಹೇಳುವುದಿಲ್ಲ. ಆರಿಸದೇ ಇರುವುದೂ ಒಂದು ಆಯ್ಕೆಯೇ ಎಂಬುದು ನೆನಪಿರಲಿ.

ಮೊದಲು ಹೇಳಿದ ಆ ಹುಡುಗಿಯ ಹತ್ತಿರ ಐದು ದನಿಗಳಿದ್ದವು. ಅವಳಿಗೆ ನಾಲ್ಕನ್ನು ಬಿಟ್ಟು ಒಂದನ್ನು ಇಟ್ಟುಕೋ ಎಂದು ಹೇಳುವ ಅಗತ್ಯವಿಲ್ಲ. ಗೇಟಿನ ಕಾವಲುಗಾರರ ಜೊತೆ ಆಡುವ ಆ ಎರಡು ಮಾತಿನ ದನಿಯನ್ನು ಸ್ವಲ್ಪ ಬೆಳೆಸು, ಅಷ್ಟು ಸಾಕು. ಅವರ ಹೆಸರೇನು, ಊರು ಯಾವುದು, ಮಕ್ಕಳು ಏನು ಓದುತ್ತಿದ್ದಾರೆ ಎಂದು ಕೇಳುವಷ್ಟು. ಮುಂದಿನ ಭಾನುವಾರ ಸಿಟಿ ಪಾರ್ಕಿಗೆ ಹೋದರೆ, ಕೋತಿಗಳನ್ನು ನೋಡಿ ಮುಗಿದ ಮೇಲೆ, ಆ ಎರಡು ಸಮಾಧಿಗಳ ಹತ್ತಿರ ಒಂದು ನಿಮಿಷ ನಿಂತು ಬರಲಿ. ಒಬ್ಬರು ಧಾರವಾಡದಲ್ಲಿ ಓದಿದವರು, ಒಬ್ಬರು ಬಳ್ಳಾರಿಯಲ್ಲಿ. ಇಬ್ಬರೂ ಈ ಮಣ್ಣಿನವರಾದರು.